ಅದು ಖಾಲಿ ದ್ವೀಪ ಅಲ್ಲ ಮಾರಾಯ್ರೆ, ಖಾಲಿ ಮಾಡಿಸಿದ ದ್ವೀಪ

“ಮನುಷ್ಯರ ಹೆಜ್ಜೆಯೇ ಬೀಳದ ದ್ವೀಪ” ಅನ್ನುವ ಸಾಲು ಎಲ್ಲಿ ಕಂಡರೂ ನನಗೆ ಮೈ ಉರಿಯುತ್ತದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಆಮೇಲೆ “ಇವನಿಗೇನಾಗಿದೆ, ಒಂದು ಸಮುದ್ರದ ಫೋಟೋ ಹಾಕಿದ್ರೂ ಜಗಳಕ್ಕೆ ಬರ್ತಾನೆ” ಅಂತ ಬೈಯಬೇಡಿ.

ಈಚೆಗೆ ನಮ್ಮ ಬ್ಲಾಗಿಗರೇ ಬರೆದ ಎರಡು ಮೂರು ಬರಹಗಳಲ್ಲಿ ಚಾಗೋಸ್ ಅನ್ನುವ ಹೆಸರು ಕಂಡೆ. ಹಾಯಿದೋಣಿಯಲ್ಲಿ ಲೋಕ ಸುತ್ತುವವರ ಫೋಟೋ, ವಿಡಿಯೋ ನೋಡಿ ಮರುಳಾಗಿ ಬರೆದವು. ಭೂಮಿಯ ಮೇಲಿನ ಕೊನೆಯ ಸ್ವರ್ಗವಂತೆ, ನರಪಿಳ್ಳೆ ಇಲ್ಲವಂತೆ, ಪ್ರಕೃತಿ ತನ್ನ ಪಾಡಿಗೆ ತಾನು ಇದೆಯಂತೆ. ಬರೆದವರ ಮೇಲೆ ನನಗೆ ಸಿಟ್ಟಿಲ್ಲ. ಅವರು ಓದಿದ್ದನ್ನು ಬರೆದಿದ್ದಾರೆ. ಆದರೆ ಅವರು ಓದಿದ್ದು ಯಾರ ಬರಹ? ಅದೇ ದೋಣಿಯವರದ್ದು. ಆ ದೋಣಿಯವರು ನೋಡಿಯೂ ನೋಡದ ಹಾಗೆ ಬಿಟ್ಟದ್ದನ್ನು ನಾವು ಕನ್ನಡದಲ್ಲೂ ಬಿಟ್ಟುಬಿಟ್ಟರೆ, ಒಂದು ಸುಳ್ಳು ಇನ್ನೊಂದು ಭಾಷೆಗೆ ಬಂದ ಹಾಗಾಯ್ತು. ನನ್ನ ತಕರಾರು ಇಷ್ಟೇ.

ನಾನು ಅಲ್ಲಿಗೆ ಹೋಗಿ ಬಂದವನು. ಹಾಗಾಗಿ ಈ ವಿಷಯದಲ್ಲಿ ಬಾಯಿ ಹಾಕುವ ಹಕ್ಕು ಸ್ವಲ್ಪ ಇದೆ ಅಂದುಕೊಂಡಿದ್ದೇನೆ.

ಆಗ ನಾನು ಮಾಲ್ಡೀವ್ಸಿನ ತೆಕ್ಕಣ ತುದಿಯ ಅಡ್ಡು ಅಟಾಲ್‌ನಲ್ಲಿ ಮೇಷ್ಟ್ರು. (ನಮ್ಮ ಕಡೆಯಿಂದ, ಕೇರಳದಿಂದ ಅಲ್ಲಿಗೆ ಪಾಠ ಮಾಡಲು ಹೋದವರು ಬೇಕಾದಷ್ಟು ಜನ ಇದ್ದರು.) ಅಡ್ಡುವಿನ ಗಾನ್ ದ್ವೀಪದಲ್ಲಿ ಹಾಯಿದೋಣಿಗಳು ಬಂದು ನಿಲ್ಲುತ್ತಿದ್ದವು. ಮನೆ ಮಠ ಮಾರಿ ದೋಣಿಯನ್ನೇ ಮನೆ ಮಾಡಿಕೊಂಡ ಜನ. ಅವರನ್ನು ಕ್ರೂಸರ್‌ಗಳು ಅನ್ನುತ್ತಾರೆ. ಆ ವರ್ಷಗಳಲ್ಲಿ ಸೊಮಾಲಿಯಾದ ಕಡಲ್ಗಳ್ಳರ ಹೆದರಿಕೆಯಿಂದ ಕೆಂಪು ಸಮುದ್ರದ ದಾರಿ ಬಿಟ್ಟು, ಬಹಳ ದೋಣಿಗಳು ಚಾಗೋಸ್ ಮೇಲಾಗಿ ಮಡಗಾಸ್ಕರ್ ಕಡೆ ಹೋಗುತ್ತಿದ್ದವು. ಅಂಥ ಒಂದು ದೋಣಿಯ ಗಂಡ ಹೆಂಡತಿ ಪರಿಚಯವಾಗಿ, ರಾತ್ರಿ ಪಾಳಿಗೆ ಇನ್ನೊಂದು ಜೊತೆ ಕಣ್ಣು ಬೇಕು ಅಂದಾಗ ಹೊರಟೆ. 2010ರ ಮೇ ತಿಂಗಳು. ಮೂರು ದೋಣಿಗಳು ಒಟ್ಟಿಗೆ ಹೊರಟಿದ್ದೆವು. ಗಾನ್‌ನಿಂದ ಸಾಲೊಮನ್ ಅಟಾಲ್‌ಗೆ ನೇರ ದಕ್ಷಿಣಕ್ಕೆ ಹತ್ತಿರ ಹತ್ತಿರ 300 ನಾಟಿಕಲ್ ಮೈಲಿ. ಗಾಳಿ ಕೃಪೆ ಮಾಡಿದರೆ ಎರಡೂವರೆ ಮೂರು ದಿನ.

ಅಟಾಲ್ ಅಂದರೆ ಏನು ಅಂತ ಎರಡು ಮಾತು. ಪದವೇ ಮಾಲ್ಡೀವ್ಸಿನವರ ದಿವೇಹಿ ಭಾಷೆಯದ್ದು. ಮುಳುಗುತ್ತಾ ಬಂದ ಹಳೇ ಜ್ವಾಲಾಮುಖಿಯ ಸುತ್ತ ಹವಳ ಮೇಲೆ ಮೇಲೆ ಬೆಳೆಯುತ್ತಾ ಬರುತ್ತದೆ. ಬೆಟ್ಟ ಮುಳುಗಿ ಹೋದರೂ ಹವಳದ ಉಂಗುರ ಉಳಿಯುತ್ತದೆ. 1842ರಲ್ಲಿ ಡಾರ್ವಿನ್ ಹೇಳಿದ ವಿವರಣೆ ಇದು. ಆ ಪುಸ್ತಕದಲ್ಲಿ ಅವನು ಚಾಗೋಸ್ ಬಗ್ಗೆಯೂ ಬರೆದಿದ್ದಾನೆ. ಅಲ್ಲಿಗೆ ಹೋಗದೆಯೇ ಬರೆದ. ಅವನಿಗೆ ವಿವರ ಸಿಕ್ಕಿದ್ದು ಈಸ್ಟ್ ಇಂಡಿಯಾ ಕಂಪನಿಯ ನೌಕಾದಳದ ಕ್ಯಾಪ್ಟನ್ ಮೋರ್ಸ್‌ಬಿ ಮಾಡಿದ ಸರ್ವೆಯಿಂದ. ಲಕ್ಷದ್ವೀಪ, ಮಾಲ್ಡೀವ್ಸ್, ಚಾಗೋಸ್ ಮೂರೂ ಒಂದೇ ಸಮುದ್ರದಡಿಯ ಬೆಟ್ಟಸಾಲಿನ ಮೇಲೆ ಕೂತಿವೆ. ನಮ್ಮ ಪಡುಗಡಲಿನಿಂದ ಶುರುವಾಗಿ ಸಮಭಾಜಕ ದಾಟಿ ಹೋಗುವ ಒಂದೇ ಸರ. ಇದು ನೆನಪಿನಲ್ಲಿರಲಿ, ಕೊನೆಗೆ ಬೇಕಾಗುತ್ತದೆ.

ಚಂದದ ವಿಷಯದಲ್ಲಿ ನಾನು ಜಿಪುಣತನ ಮಾಡುವುದಿಲ್ಲ. ಸಾಲೊಮನ್ ನಿಜಕ್ಕೂ ಚಂದ. ಸುತ್ತ ಚಿಕ್ಕ ಚಿಕ್ಕ ದ್ವೀಪಗಳ ಸರ, ನಡುವೆ ಲಗೂನ್. ಒಳಗೆ ನುಗ್ಗಲು ವಾಯವ್ಯದ ಕಡೆ ಒಂದು ಕಂಡಿ. ಸೂರ್ಯ ನೆತ್ತಿಯ ಮೇಲೆ ಬಂದಾಗಲೇ ಹೋಗಬೇಕು, ಇಲ್ಲದಿದ್ದರೆ ನೀರಿನಡಿಯ ಹವಳದ ಬಂಡೆ ಕಾಣುವುದಿಲ್ಲ. ಒಬ್ಬರು ದೋಣಿಯ ಮೂತಿಯಲ್ಲಿ ನಿಂತು ಕೈ ತೋರಿಸುತ್ತಾ ಹೋಗಬೇಕು. ಕಂದು ಬಣ್ಣ ಕಂಡರೆ ಬಂಡೆ, ನೀಲಿ ಕಂಡರೆ ಬಚಾವ್. ರಾತ್ರಿ ಎಲ್ಲೂ ಒಂದು ದೀಪ ಇಲ್ಲ. ಆ ನಕ್ಷತ್ರಗಳನ್ನು ನಾನು ಆಮೇಲೆ ಎಲ್ಲೂ ನೋಡಿಲ್ಲ.

ನಾವು ಹೋದಾಗ ಬೇರೆ ದೋಣಿಗಳೂ ಇದ್ದವು. ಕ್ರೂಸರ್‌ಗಳದ್ದು ಒಳ್ಳೆ ಲೋಕ ಕಣ್ರೀ, ಅದನ್ನೂ ಹೇಳಲೇಬೇಕು. ಒಬ್ಬರ ಎಂಜಿನ್ ಕೆಟ್ಟರೆ ನಾಲ್ಕು ಜನ ಬಂದು ಎಣ್ಣೆ ಮೆತ್ತಿಕೊಳ್ಳುತ್ತಾರೆ. ಬೆಳಿಗ್ಗೆ ರೇಡಿಯೋದಲ್ಲಿ ಎಲ್ಲರ ಯೋಗಕ್ಷೇಮ. ಸಂಜೆ ಬೊಡಾಮ್ ದ್ವೀಪದ ದಡದಲ್ಲಿ ಎಲ್ಲರೂ ಒಂದೊಂದು ಪಾತ್ರೆ ತಂದು ಹಂಚಿಕೊಂಡು ಊಟ. ಹಿಂದಿನಿಂದ ಬಂದವರು ಕಟ್ಟಿಕೊಂಡ ವಾಲಿಬಾಲ್ ಅಂಕಣ, ಹಲಗೆಯ ಮೇಲೆ ದೋಣಿಗಳ ಹೆಸರು, “ಯಾಟ್ ಕ್ಲಬ್” ಅಂತ ಬಣ್ಣದ ಬರಹ. 1980, 90ರ ದಶಕಗಳಲ್ಲಂತೂ ತಿಂಗಳುಗಟ್ಟಲೆ ಲಂಗರು ಹಾಕಿಕೊಂಡು ಇದ್ದುಬಿಡುತ್ತಿದ್ದವರು ಇದ್ದರು. ಬಟ್ಟೆ ಒಗೆಯಲು ಸಿಹಿನೀರಿನ ಬಾವಿ ಬೇರೆ ಇತ್ತಲ್ಲ.

ನಿಲ್ಲಿ. ಬಾವಿ?

ಯಾರೂ ಕಾಲಿಡದ ದ್ವೀಪದಲ್ಲಿ ಬಾವಿ ತೋಡಿದವರು ಯಾರು ಸ್ವಾಮಿ?

ದಡದಿಂದ ನಾಲ್ಕು ಹೆಜ್ಜೆ ಒಳಗೆ ಹೋದರೆ ಸಾಕು. ಮಾಡು ಕಳಚಿದ ಚರ್ಚು. ಗೋಡೆಗಳು ಇನ್ನೂ ನಿಂತಿವೆ, ಒಳಗೆ ಮರ ಬೆಳೆದಿದೆ. ಮುರಿದ ಧಕ್ಕೆ. ತೋಟದ ಮ್ಯಾನೇಜರನ ಮನೆಯ ಅವಶೇಷ. ಅದರಾಚೆ ಸ್ಮಶಾನ. ಕಲ್ಲಿನ ಶಿಲುಬೆಗಳು ಕೆಲವು ನಿಂತು, ಕೆಲವು ಮಲಗಿ. ತೆಂಗಿನ ಮರಗಳು ಕಾಡಿನ ಹಾಗೆ ಕಂಡರೂ ಸ್ವಲ್ಪ ಕಣ್ಣಿಟ್ಟು ನೋಡಿದರೆ ಕೆಲವು ಕಡೆ ಸಾಲು ಕಾಣುತ್ತದೆ. ನೆಟ್ಟ ತೆಂಗು ಯಾವುದು, ಬಿದ್ದು ಹುಟ್ಟಿದ ತೆಂಗು ಯಾವುದು ಅಂತ ಕರಾವಳಿಯವನಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮತ್ತೆ ಜೀಗುಜ್ಜೆ ಮರ! ನಮ್ಮ ಮನೆ ಹಿತ್ತಲಲ್ಲಿ ಇರುವಂಥದ್ದೇ ಎಲೆ. ಬೀಜವಿಲ್ಲದ ಜೀಗುಜ್ಜೆ ತಾನಾಗಿ ಸಮುದ್ರ ದಾಟಿ ಬಂದು ಹುಟ್ಟುವುದಿಲ್ಲ. ಯಾರೋ ಬೇರಿನ ಸಸಿ ತಂದು, ನೆಟ್ಟು, ನೀರು ಹೊಯ್ದು ಸಾಕಿರಬೇಕು. ಅಂದರೆ ಅಲ್ಲಿ ಅಡುಗೆಮನೆ ಇತ್ತು. ಮಧ್ಯಾಹ್ನಕ್ಕೆ ಏನು ಮಾಡುವುದು ಅಂತ ಯೋಚಿಸುವ ಹೆಂಗಸರಿದ್ದರು.

ಇದ್ದರು. ಸುಮಾರು 200 ವರ್ಷ ಇದ್ದರು.

ಹದಿನೆಂಟನೇ ಶತಮಾನದ ಕೊನೆಗೆ ಫ್ರೆಂಚರು ಕೊಬ್ಬರಿ ಎಣ್ಣೆಗಾಗಿ ಅಲ್ಲಿ ತೆಂಗಿನ ತೋಟ ಮಾಡಿ, ಮಡಗಾಸ್ಕರ್, ಮೊಜಾಂಬಿಕ್ ಕಡೆಯಿಂದ ಗುಲಾಮರನ್ನು ತಂದಿಟ್ಟರು. ದಾಸ್ಯ ಮುಗಿದ ಮೇಲೆ ದಕ್ಷಿಣ ಭಾರತದಿಂದಲೂ ಕೂಲಿಗೆ ಕೆಲವರು ಬಂದರು. ಎಲ್ಲ ಸೇರಿ ಒಂದು ಜನವಾಯಿತು. ಅವರದ್ದೇ ಕ್ರಿಯೋಲ್ ಭಾಷೆ, ಅವರದ್ದೇ ಹಾಡು, ಅವರದ್ದೇ ಚರ್ಚು, ಸ್ಮಶಾನ. ಡಿಯೆಗೊ ಗಾರ್ಸಿಯಾ, ಪೆರೋಸ್ ಬಾನ್ಯೋಸ್, ಸಾಲೊಮನ್ ಈ ಮೂರು ಕಡೆ ಊರುಗಳಿದ್ದವು.

ಆಮೇಲೆ ಅಮೆರಿಕಕ್ಕೆ ಹಿಂದೂ ಮಹಾಸಾಗರದ ನಡುವೆ ಒಂದು ಸೇನಾನೆಲೆ ಬೇಕಾಯಿತು. 1965ರ ನವೆಂಬರ್ 8ರಂದು ಬ್ರಿಟನ್ ಈ ದ್ವೀಪಗಳನ್ನು ಮಾರಿಷಸ್‌ನಿಂದ ಕತ್ತರಿಸಿ ಹೊಸದೊಂದು ವಸಾಹತು ಮಾಡಿತು. ಮಾರಿಷಸ್‌ಗೆ ಕೊಟ್ಟದ್ದು 30 ಲಕ್ಷ ಪೌಂಡ್. 1966ರ ಡಿಸೆಂಬರ್‌ನಲ್ಲಿ ಅಮೆರಿಕದ ಜೊತೆ ಒಪ್ಪಂದ. ಒಳಗಿಂದೊಳಗೆ ಪೊಲಾರಿಸ್ ಕ್ಷಿಪಣಿಯ ಬಾಬ್ತಿನಲ್ಲಿ ಬ್ರಿಟನ್ನಿಗೆ 1.4 ಕೋಟಿ ಡಾಲರ್ ರಿಯಾಯಿತಿ. ದ್ವೀಪದಲ್ಲಿ ಜನ ಇದ್ದಾರಲ್ಲ ಅಂದರೆ, “ಅವರು ಕಾಯಂ ನಿವಾಸಿಗಳಲ್ಲ, ಗುತ್ತಿಗೆ ಕೂಲಿಗಳು” ಅಂತ ಕಡತದಲ್ಲಿ ಬರೆದುಕೊಂಡರು. ಆ ಕಾಲದ ಒಬ್ಬ ಅಧಿಕಾರಿ ಇವರನ್ನು ಟಾರ್ಜನ್‌ಗಳು, ಮ್ಯಾನ್ ಫ್ರೈಡೇಗಳು ಅಂತ ಗೇಲಿ ಮಾಡಿ ಬರೆದ ಟಿಪ್ಪಣಿ ಇವತ್ತು ಎಲ್ಲರಿಗೂ ಓದಲು ಸಿಗುತ್ತದೆ.

1967ರಿಂದಲೇ ಮಾರಿಷಸ್‌ಗೆ ಔಷಧಿಗೋ ನೆಂಟರ ಮನೆಗೋ ಹೋದವರಿಗೆ ವಾಪಸ್ ಹಡಗು ಸಿಗಲಿಲ್ಲ. ನಿಮ್ಮ ದ್ವೀಪ ಮುಚ್ಚಿದೆ ಅಂದರು. ಊರಲ್ಲಿ ಉಳಿದವರಿಗೆ ಸಾಮಾನು ತರುವ ಹಡಗು ಕಡಿಮೆ ಮಾಡಿದರು. 1971ರಲ್ಲಿ ಡಿಯೆಗೊ ಗಾರ್ಸಿಯಾ ಖಾಲಿ ಮಾಡಿಸುವಾಗ ಜನರು ಸಾಕಿದ್ದ ನಾಯಿಗಳನ್ನು ಕೊಬ್ಬರಿ ಒಣಗಿಸುವ ಶೆಡ್ಡಿಗೆ ತುಂಬಿ, ಗಾಡಿಯ ಹೊಗೆ ಬಿಟ್ಟು ಕೊಂದರು. ನೂರಾರು ನಾಯಿಗಳು. ಮಕ್ಕಳ ಕಣ್ಣೆದುರು. 1972ರಲ್ಲಿ ಸಾಲೊಮನ್, 1973ರಲ್ಲಿ ಪೆರೋಸ್ ಬಾನ್ಯೋಸ್. ಹೀಗೆ ಒಟ್ಟು 1,500ರಿಂದ 2,000 ಜನರನ್ನು ಒಕ್ಕಲೆಬ್ಬಿಸಿದರು. ನೋರ್ಡ್‌ವೇರ್ ಅನ್ನುವ ಹಡಗಿನಲ್ಲಿ ಸರಕಿನ ಜೊತೆ ಸರಕಾಗಿ ತುಂಬಿ ಮಾರಿಷಸ್, ಸೇಷೆಲ್ಸ್ ಧಕ್ಕೆಗಳಲ್ಲಿ ಇಳಿಸಿ ಹೋದರು. ಮನೆ ಇಲ್ಲ, ಕೆಲಸ ಇಲ್ಲ, ತೆಂಗು ಮೀನು ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲ. ಆ ಹಡಗಿನಲ್ಲಿ ಬಂದವರಲ್ಲಿ ಲಿಸೆಬಿ ಎಲಿಸೆ ಒಬ್ಬರು. ಆಗ ಇಪ್ಪತ್ತರ ಬಸುರಿ. ಮಗು ಹುಟ್ಟಿದಾಗಲೇ ತೀರಿಹೋಯಿತು. 2018ರಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯದ ಮುಂದೆ ವಿಡಿಯೋ ಮೂಲಕ ಈ ಕತೆಯನ್ನು ಅವರೇ ಹೇಳಿದರು. ಅವರ ಭಾಷೆಯಲ್ಲಿ ‘ಸಾಗ್ರೆನ್’ ಅಂತ ಒಂದು ಪದ ಇದೆ. ಊರು ತಪ್ಪಿದ ಕೊರಗು. ಆ ಕೊರಗಿನಲ್ಲೇ ಸತ್ತರು ಅಂತ ತಮ್ಮ ಹಿರಿಯರ ಬಗ್ಗೆ ಹೇಳುತ್ತಾರೆ.

ಈಗ ಮತ್ತೆ ಬೊಡಾಮ್ ದಡಕ್ಕೆ ಬನ್ನಿ. 2010ರ ಮೇ ತಿಂಗಳಲ್ಲಿ ಆ ಬಾವಿ, ಆ ಚರ್ಚು, ಆ ಧಕ್ಕೆ ಯಾರಿಗೆ ಸಿಗುತ್ತಿತ್ತು?

ಹಾಯಿದೋಣಿ ಇದ್ದು, ವಿಮೆ ಇದ್ದು, ಮೊದಲೇ ಅರ್ಜಿ ಹಾಕಿ ಶುಲ್ಕ ಕಟ್ಟಿದವರಿಗೆ ಪರ್ಮಿಟ್. ವಾರಗಟ್ಟಲೆ ಲಂಗರು ಹಾಕಿಕೊಂಡು ಇರಬಹುದು. ಫ್ರೆಂಚರು, ಜರ್ಮನರು, ಆಸ್ಟ್ರೇಲಿಯಾದವರು, ದಕ್ಷಿಣ ಆಫ್ರಿಕಾದವರು, ಪಾಳಿಗೆ ನಿಲ್ಲಲು ಬಂದ ಕುಂದಾಪುರದ ಮೇಷ್ಟ್ರು, ಎಲ್ಲರೂ ಇರಬಹುದು. ಆದರೆ ಆ ಚರ್ಚಿನಲ್ಲಿ ನಾಮಕರಣ ಆದವರು ಇರುವ ಹಾಗಿಲ್ಲ! 2000ದ ನವೆಂಬರ್‌ನಲ್ಲಿ ಲಂಡನ್ನಿನ ಹೈಕೋರ್ಟು ಅವರನ್ನು ಹೊರಗಿಟ್ಟ ಕಾನೂನು ತಪ್ಪು ಅಂತ ತೀರ್ಪು ಕೊಟ್ಟಿತ್ತು. 2004ರಲ್ಲಿ ಪಾರ್ಲಿಮೆಂಟಿಗೂ ಹೋಗದೆ ರಾಣಿಯ ಹೆಸರಿನಲ್ಲಿ ಆದೇಶ ಹೊರಡಿಸಿ ಆ ಹಕ್ಕನ್ನು ಕಿತ್ತುಕೊಂಡರು. 2008ರ ಅಕ್ಟೋಬರ್‌ನಲ್ಲಿ ಹೌಸ್ ಆಫ್ ಲಾರ್ಡ್ಸ್ 3-2ರಲ್ಲಿ ಆ ಆದೇಶವನ್ನೇ ಎತ್ತಿಹಿಡಿಯಿತು. ನಡುವೆ 2006ರಲ್ಲಿ ಸುಮಾರು ನೂರು ಜನರನ್ನು ಕೆಲವು ದಿನಕ್ಕೆ ಕರೆತಂದು, ಸಮಾಧಿಗಳಿಗೆ ಹೂ ಇಡಿಸಿ, ವಾಪಸ್ ಕಳಿಸಿದ್ದರು. ಸ್ವಂತ ಊರಿಗೆ ಟೂರಿಸ್ಟ್ ಆಗಿ ಬಂದು ಹೋಗುವುದಕ್ಕಿಂತ ಹೆಚ್ಚಿನ ಅವಮಾನ ಇದೆಯೇ? ಇದೆ. ಅವರು ಹೋದ ಮೇಲೂ ನಮ್ಮಂಥವರು ಅಲ್ಲೇ ಆರಾಮಾಗಿ ಇದ್ದದ್ದು.

“ಅಲ್ಲಿ ಜನ ಬದುಕಲು ಸಾಧ್ಯವಿಲ್ಲ, ವೆಚ್ಚ ಜಾಸ್ತಿ” ಅನ್ನುವುದು ಬ್ರಿಟಿಷ್ ಸರ್ಕಾರ ವರ್ಷಗಟ್ಟಲೆ ಹೇಳಿದ ಮಾತು. 2016ರಲ್ಲೂ ವಾಪಸಾತಿ ಬೇಡ ಅಂದಾಗ ವೆಚ್ಚ, ಭದ್ರತೆ ಇದೇ ಕಾರಣ. ಆದರೆ ಮಳೆನೀರು ಹಿಡಿದು, ಅಕ್ಕಿ ಬೇಳೆ ಡಬ್ಬಿಯಲ್ಲಿ ತಂದು, ನಿವೃತ್ತ ಗಂಡ ಹೆಂಡತಿ ಮೂವತ್ತು ನಲವತ್ತು ಅಡಿ ದೋಣಿಯಲ್ಲಿ ತಿಂಗಳುಗಟ್ಟಲೆ ಬದುಕಿದ್ದು ಅದೇ ಜಾಗದಲ್ಲಲ್ಲವೇ? ಹವ್ಯಾಸಕ್ಕೆ ಬಂದವರಿಗೆ ಸಾಧ್ಯವಾದದ್ದು, ಇನ್ನೂರು ವರ್ಷ ಅಲ್ಲೇ ಹುಟ್ಟಿ ಬೆಳೆದವರಿಗೆ ಅಸಾಧ್ಯ ಹೇಗಾಗುತ್ತದೆ ಅಂತ ಯಾರಾದರೂ ನನಗೆ ಲೆಕ್ಕ ಹಾಕಿ ತೋರಿಸಲಿ.

ಇನ್ನು ಭದ್ರತೆ. ಸೇನಾನೆಲೆ ಇರುವುದು ಡಿಯೆಗೊ ಗಾರ್ಸಿಯಾದಲ್ಲಿ. ಸಾಲೊಮನ್ ಅಲ್ಲಿಂದ 200 ಕಿಲೋಮೀಟರಿಗೂ ದೂರ. ಯಾವ ದೇಶದ ಯಾವ ದೋಣಿಯಾದರೂ ಪರ್ಮಿಟ್ ಪಡೆದು ಬರಬಹುದಾದ ಲಗೂನಿಗೆ ಎಪ್ಪತ್ತು ವರ್ಷದ ಅಜ್ಜಿ ಬಂದರೆ ಅಮೆರಿಕದ ಭದ್ರತೆ ಕುಸಿಯುತ್ತದೆಯೇ? ನೆಲೆಯೊಳಗೇ ಅಡುಗೆಗೆ, ರಿಪೇರಿಗೆ, ಕಸ ಗುಡಿಸಲು ಫಿಲಿಪ್ಪೀನ್ಸ್ ಮುಂತಾದ ಕಡೆಯ ಗುತ್ತಿಗೆ ಕೆಲಸಗಾರರನ್ನು ತಂದಿಟ್ಟುಕೊಂಡವರ ಬಾಯಲ್ಲಿ ಈ ಮಾತು!

ಈಗ ನನಗೆ ಎದುರಾಗುವ ಅತಿ ಗಟ್ಟಿ ಮಾತಿಗೆ ಬರುತ್ತೇನೆ. ಪರಿಸರ. ನಮ್ಮ ಬ್ಲಾಗುಗಳಲ್ಲಿ ಪರಿಸರದ ಬಗ್ಗೆ ಕಾಳಜಿ ಇರುವವರೇ ಹೆಚ್ಚು. ಅದು ಸಂತೋಷದ ಸಂಗತಿ. “ಹೇಗಾದರೂ ಆಗಲಿ, ಜನ ಇಲ್ಲದ್ದಕ್ಕೇ ಅಲ್ಲವೇ ಹವಳ ಉಳಿದದ್ದು?” ಅಂತ ನೀವು ಕೇಳಬಹುದು.

ನಾವು ಹೋಗುವುದಕ್ಕೆ ಒಂದು ತಿಂಗಳು ಮುಂಚೆ, 2010ರ ಏಪ್ರಿಲ್ 1ರಂದು, ಬ್ರಿಟನ್ ಚಾಗೋಸ್ ಸುತ್ತಲ ಸುಮಾರು 6 ಲಕ್ಷ 40 ಸಾವಿರ ಚದರ ಕಿಲೋಮೀಟರ್ ಸಮುದ್ರವನ್ನು ಸಂರಕ್ಷಿತ ಪ್ರದೇಶ ಅಂತ ಘೋಷಿಸಿತ್ತು. ಲೋಕವೆಲ್ಲ ಚಪ್ಪಾಳೆ ತಟ್ಟಿತು. ಅದೇ ವರ್ಷದ ಕೊನೆಗೆ ವಿಕಿಲೀಕ್ಸ್ ಹೊರಗೆ ಹಾಕಿದ 2009ರ ಅಮೆರಿಕದ ರಾಯಭಾರ ಕಚೇರಿಯ ಒಂದು ತಂತಿಯಲ್ಲಿ ಏನಿತ್ತು ಗೊತ್ತೇ? ಈ ಸಂರಕ್ಷಿತ ಪ್ರದೇಶ ಮಾಡಿಬಿಟ್ಟರೆ ಹಳೇ ನಿವಾಸಿಗಳು ವಾಪಸ್ ಬರುವ ದಾರಿ ಮುಚ್ಚಿದ ಹಾಗೆ ಅಂತ ಬ್ರಿಟಿಷ್ ಅಧಿಕಾರಿಯೊಬ್ಬರು ಹೇಳಿದ ಮಾತು ಅಲ್ಲಿ ದಾಖಲಾಗಿತ್ತು. ಮತ್ತೆ ಆ ಸಂರಕ್ಷಿತ ಪ್ರದೇಶದಿಂದ ಒಂದೇ ಒಂದು ಜಾಗ ಹೊರಗೆ. ಯಾವುದು ಹೇಳಿ ನೋಡೋಣ? ಡಿಯೆಗೊ ಗಾರ್ಸಿಯಾ, ಅದರ ಸುತ್ತಲ ಮೂರು ನಾಟಿಕಲ್ ಮೈಲಿ ಸಮೇತ. ಬಾಂಬರ್ ವಿಮಾನ ಇಳಿಯುವ ರನ್‌ವೇಯಿಂದ, ಹಡಗಿಗಾಗಿ ಹೂಳೆತ್ತಿದ ಲಗೂನಿನಿಂದ ಹವಳಕ್ಕೆ ಏನೂ ಆಗುವುದಿಲ್ಲ. ಸಾಲೊಮನ್‌ನಲ್ಲಿ ಗಾಳ ಹಾಕುವ ಮುದುಕನಿಂದ ಆಗುತ್ತದೆ. 2015ರ ಮಾರ್ಚ್‌ನಲ್ಲಿ ಅಂತರರಾಷ್ಟ್ರೀಯ ಮಧ್ಯಸ್ಥಿಕೆ ನ್ಯಾಯಮಂಡಳಿ, ಈ ಘೋಷಣೆ ಮಾಡಿದ ರೀತಿ ಸಮುದ್ರ ಕಾನೂನಿಗೆ ವಿರುದ್ಧ ಅಂತ ಹೇಳಿತು.

ಹವಳದ ನಿಜವಾದ ಶತ್ರು ಯಾರು ಅನ್ನುವುದಕ್ಕೂ ಉತ್ತರ ಅಲ್ಲೇ ಇದೆ. ಒಂದು, ಬಿಸಿಯಾಗುತ್ತಿರುವ ಸಮುದ್ರ. 2015-16ರಲ್ಲಿ ನೀರು ಬಿಸಿಯಾಗಿ ಚಾಗೋಸ್‌ನ ಹವಳ ವಿಪರೀತ ಸತ್ತಿತು. ಜನ ಇಲ್ಲ ಅಂತ ಬಿಸಿ ಬಿಟ್ಟುಹೋಗಲಿಲ್ಲ. ಎರಡು, ಇಲಿ. ಹಿಂದಿನ ಕಾಲದ ಹಡಗುಗಳಲ್ಲಿ ಬಂದ ಕಪ್ಪು ಇಲಿಗಳು ಕಡಲಹಕ್ಕಿಗಳ ಮೊಟ್ಟೆ ಮರಿ ತಿಂದು ಮುಗಿಸುತ್ತವೆ. ಹಕ್ಕಿ ಇಲ್ಲದಿದ್ದರೆ ಹಿಕ್ಕೆ ಇಲ್ಲ, ಹಿಕ್ಕೆ ಇಲ್ಲದಿದ್ದರೆ ಸುತ್ತಲ ಹವಳದ ದಿಬ್ಬಕ್ಕೆ ಗೊಬ್ಬರ ಇಲ್ಲ, ಮೀನೂ ಕಮ್ಮಿ. ಚಾಗೋಸ್‌ನ ಇಲಿ ಇರುವ, ಇಲಿ ಇಲ್ಲದ ದ್ವೀಪಗಳನ್ನು ಹೋಲಿಸಿ 2018ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಸಂಶೋಧನೆ ಇದನ್ನೇ ಹೇಳಿತು. ಇಲಿ ಇಲ್ಲದ ಕಡೆ ಮೀನಿನ ಒಟ್ಟು ತೂಕ ಸುಮಾರು ಅರ್ಧಪಾಲು ಹೆಚ್ಚು. ಇಲಿಯನ್ನು ನಿರ್ನಾಮ ಮಾಡುವುದು, ಪಾಳು ಬಿದ್ದ ತೆಂಗು ತೆಗೆದು ಸ್ಥಳೀಯ ಮರ ನೆಡುವುದು, ಇದಕ್ಕೆಲ್ಲ ವರ್ಷಾನುವರ್ಷ ಅಲ್ಲೇ ಇದ್ದು ಮಾಡುವ ಕೈಗಳು ಬೇಕು. ಆ ಕೈಗಳನ್ನು ಹೊರಗಟ್ಟಿ ಪ್ರಕೃತಿ ಉಳಿಸುತ್ತೇವೆ ಅನ್ನುವುದು, ತೋಟ ಉಳಿಸಲು ತೋಟಗಾರನನ್ನು ಓಡಿಸಿದ ಹಾಗೆ. ಅಂದ ಹಾಗೆ ಲಗೂನಿನ ತಳದಲ್ಲಿ ದೋಣಿಯ ಲಂಗರಿನ ಸರಪಳಿ ಗಾಳಿಗೆ ತಿರುಗಿದಾಗೆಲ್ಲ ಹವಳವನ್ನು ಕಡಿಯುತ್ತದೆ. ಅದನ್ನೂ ಲೆಕ್ಕಕ್ಕೆ ಹಿಡಿಯಿರಿ.

“ಕ್ರೂಸರ್‌ಗಳು ಏನು ಮಾಡಬೇಕಿತ್ತು? ಒಕ್ಕಲೆಬ್ಬಿಸಿದ್ದು ಅವರಲ್ಲವಲ್ಲ” ಅಂತ ಇನ್ನೊಂದು ಪ್ರಶ್ನೆ. ನಿಜ, ಅವರಲ್ಲ. ಅವರಲ್ಲಿ ಕೆಲವರು ಸ್ಮಶಾನದ ಕಳೆ ಕಿತ್ತು ಚೊಕ್ಕ ಮಾಡಿದವರೂ ಇದ್ದಾರೆ. ಒಳ್ಳೆಯದಾಗಲಿ. ಆದರೆ ಊರು ಬಿಟ್ಟು ಬಂದ ಮೇಲೆ ಅವರು ಏನು ಬರೆದರು? “ಅನ್‌ಟಚ್ಡ್”, “ಪ್ರಿಸ್ಟೀನ್”, “ರಾಬಿನ್‌ಸನ್ ಕ್ರೂಸೋ ತರಹ ಬದುಕಿದೆವು”. ಯಾರದ್ದೋ ಮನೆಯ ಅಂಗಳದಲ್ಲಿ ವಾಲಿಬಾಲ್ ಆಡಿ, ಆ ಮನೆಯವರ ಬಾವಿಯಲ್ಲಿ ಬಟ್ಟೆ ಒಗೆದು, ಇಲ್ಲಿ ಯಾರೂ ಇರಲೇ ಇಲ್ಲ ಅಂದರೆ ಅದು ಬರೀ ಮರೆವು ಅಲ್ಲ. ಬ್ರಿಟಿಷ್ ಕಡತದಲ್ಲಿ 1960ರ ದಶಕದಲ್ಲಿ ಬರೆದ ಅದೇ ಸುಳ್ಳಿಗೆ ಇದು ಬಣ್ಣದ ಫೋಟೋ. ಜನ ಇರಲಿಲ್ಲ ಅನ್ನುವುದು ಮೊದಲು ಕಡತದಲ್ಲಿ ಬಂತು, ಆಮೇಲೆ ಹಡಗು ಬಂತು. ಪದ ಮುಂದೆ, ಪೊಲೀಸು ಹಿಂದೆ. ಅದಕ್ಕೇ ಪದದ ಬಗ್ಗೆ ಇಷ್ಟು ಜಗಳ ಮಾಡುತ್ತಿರುವುದು ನಾನು.

ಈಚಿನ ಕತೆಯನ್ನೂ ಹೇಳಿಬಿಡುತ್ತೇನೆ. 2019ರ ಫೆಬ್ರವರಿ 25ರಂದು ಅಂತರರಾಷ್ಟ್ರೀಯ ನ್ಯಾಯಾಲಯ, ಚಾಗೋಸನ್ನು ಮಾರಿಷಸ್‌ನಿಂದ ಕತ್ತರಿಸಿದ್ದು ಕಾನೂನುಬದ್ಧವಲ್ಲ, ಬ್ರಿಟನ್ ಆದಷ್ಟು ಬೇಗ ಆಡಳಿತ ಬಿಡಬೇಕು ಅಂತ ಅಭಿಪ್ರಾಯ ಕೊಟ್ಟಿತು. ಅದೇ ಮೇ ತಿಂಗಳಲ್ಲಿ ವಿಶ್ವಸಂಸ್ಥೆಯ ಮಹಾಸಭೆಯಲ್ಲಿ ಮತ ಹಾಕಿದಾಗ 116 ದೇಶ ಪರ, 6 ವಿರುದ್ಧ. ಭಾರತ ಪರವಾಗಿಯೇ ಮತ ಹಾಕಿತು. 2022ರ ಫೆಬ್ರವರಿಯಲ್ಲಿ ಮಾರಿಷಸ್ ಸರ್ಕಾರ ಕಳಿಸಿದ ಹಡಗಿನಲ್ಲಿ ಐದು ಮಂದಿ ಚಾಗೋಸಿನವರು ಬ್ರಿಟಿಷ್ ಬೆಂಗಾವಲಿಲ್ಲದೆ ಮೊದಲ ಸಲ ತಮ್ಮ ದ್ವೀಪಗಳಿಗೆ ಕಾಲಿಟ್ಟರು. ಲಿಸೆಬಿ ಎಲಿಸೆ ಅವರೂ ಅದರಲ್ಲಿದ್ದರು. 2025ರ ಮೇ 22ರಂದು ಬ್ರಿಟನ್ ಮತ್ತು ಮಾರಿಷಸ್ ಒಪ್ಪಂದಕ್ಕೆ ಸಹಿ ಹಾಕಿದವು. ದ್ವೀಪಗಳು ಮಾರಿಷಸ್‌ಗೆ, ಡಿಯೆಗೊ ಗಾರ್ಸಿಯಾ 99 ವರ್ಷಕ್ಕೆ ಬ್ರಿಟನ್ ಕೈಗೆ, ವರ್ಷಕ್ಕೆ ಸರಾಸರಿ 10.1 ಕೋಟಿ ಪೌಂಡ್ ಬಾಡಿಗೆ.

ಹಾಗಾದರೆ ಎಲ್ಲ ಸರಿಹೋಯಿತಲ್ಲ ಅನ್ನಬೇಡಿ. ಎರಡು ಸರ್ಕಾರಗಳು ಕೂತು ಮಾತಾಡಿದ ಆ ಕೋಣೆಯಲ್ಲಿ ಚಾಗೋಸಿನವರಿಗೆ ಕುರ್ಚಿ ಇರಲಿಲ್ಲ. ಸಹಿ ಹಾಕುವ ದಿನ ಬೆಳಗಿನ ಜಾವ ಚಾಗೋಸ್‌ನಲ್ಲಿ ಹುಟ್ಟಿದ ಇಬ್ಬರು ಹೆಂಗಸರು ಲಂಡನ್ನಿನಲ್ಲಿ ತಡೆಯಾಜ್ಞೆ ತಂದರು, ಅದೇ ದಿನ ಅದನ್ನು ತೆರವು ಮಾಡಿಸಿ ಸಹಿ ಹಾಕಿದರು. ಬೇರೆ ದ್ವೀಪಗಳಿಗೆ ಜನರನ್ನು ವಾಪಸ್ ಕರೆತರಲು ಮಾರಿಷಸ್‌ಗೆ ಅವಕಾಶ ಇದೆ ಅಂತ ಒಪ್ಪಂದ ಹೇಳುತ್ತದೆ. ಡಿಯೆಗೊ ಗಾರ್ಸಿಯಾದಲ್ಲಿ ಹುಟ್ಟಿದವರಿಗೆ ಅದೂ ಇಲ್ಲ. ಚಾಗೋಸಿನವರಲ್ಲೇ ಒಬ್ಬರು ಮಾರಿಷಸ್ ಬೇಕು ಅಂತಾರೆ, ಇನ್ನೊಬ್ಬರು ಬ್ರಿಟನ್ ಇರಲಿ ಅಂತಾರೆ. ಇರಲಿ, ಅದು ಅವರ ಮನೆ ಜಗಳ, ಅವರು ಆಡಲಿ. ಆದರೆ ಮನೆ ಅವರದ್ದು ಅನ್ನುವುದನ್ನು ಮೊದಲು ಒಪ್ಪಿಕೊಳ್ಳಬೇಕು ತಾನೇ?

ಈಗ ನಮ್ಮ ಕಡೆಗೆ ಬರೋಣ. ಆ ಬೆಟ್ಟಸಾಲಿನ ಬಡಗ ತುದಿಗೆ. ಲಕ್ಷದ್ವೀಪದ ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ಐದು ದ್ವೀಪಗಳು 1956ರ ನವೆಂಬರ್ 1ರವರೆಗೆ ಇದ್ದದ್ದು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯಲ್ಲಿ! ಮಂಗಳೂರಿನ ಕಲೆಕ್ಟರರೇ ಅವರಿಗೂ ಕಲೆಕ್ಟರ್. ಹುರಿಹಗ್ಗ ತಂದು ಕೊಟ್ಟು ಅಕ್ಕಿ ಒಯ್ಯುತ್ತಿದ್ದ ಜನ ಅವರು. ಮಂಗಳೂರಿನ ಹಳೇ ಬಂದರಿನಿಂದ ಲಕ್ಷದ್ವೀಪಕ್ಕೆ ಸಾಮಾನು ಹೋಗುವುದು ತಲೆಮಾರುಗಳಿಂದ ನಡೆದುಬಂದದ್ದು. ಅವರು ನಮಗೆ ಹೊಸಬರಲ್ಲ, ನೆರೆಯವರು.

2024ರ ಜನವರಿಯಲ್ಲಿ ಪ್ರಧಾನಿ ಲಕ್ಷದ್ವೀಪಕ್ಕೆ ಹೋಗಿ ಬಂದದ್ದೇ ತಡ, ಕನ್ನಡದಲ್ಲೂ ಶುರುವಾಯಿತು. “ನಮ್ಮದೇ ಮಾಲ್ಡೀವ್ಸ್”, “ಖಾಲಿ ಬಿದ್ದಿರುವ ಸ್ವರ್ಗ”. ಖಾಲಿ ಬಿದ್ದಿದೆಯಂತೆ! ಎಲ್ಲ ಸೇರಿ 32 ಚದರ ಕಿಲೋಮೀಟರ್ ನೆಲ, 2011ರ ಗಣತಿಯ ಪ್ರಕಾರ 64 ಸಾವಿರಕ್ಕೂ ಹೆಚ್ಚು ಜನ. ಚದರ ಕಿಲೋಮೀಟರಿಗೆ ಎರಡು ಸಾವಿರ ಬಂತು. ಇದು ಖಾಲಿಯೇ? ‘ಜನವಸತಿ ಇಲ್ಲದ ದ್ವೀಪ’ ಅಂತ ಪಟ್ಟಿಯಲ್ಲಿರುವ ಸುಹೇಲಿಗೂ ಕವರತ್ತಿಯ ಮೀನುಗಾರರು ಋತುವಿಗೆ ಹೋಗಿ ಇದ್ದು, ಟ್ಯೂನಾ ಬೇಯಿಸಿ ಒಣಗಿಸುತ್ತಾರೆ. ಗಣತಿಯ ದಿನ ಅಲ್ಲಿ ಯಾರೂ ಮಲಗಿರಲಿಲ್ಲ ಅಂದ ಮಾತ್ರಕ್ಕೆ ಅದು ಯಾರದ್ದೂ ಅಲ್ಲ ಅಂತಲ್ಲ. ನಮ್ಮ ಗದ್ದೆಯಲ್ಲೂ ರಾತ್ರಿ ಯಾರೂ ಮಲಗುವುದಿಲ್ಲ.

ಒಂದು ವಿಷಯದಲ್ಲಿ ಮಾತ್ರ ಲಕ್ಷದ್ವೀಪ ಚಾಗೋಸ್‌ಗೆ ತದ್ವಿರುದ್ಧ. ಅಲ್ಲಿಗೂ ಪರ್ಮಿಟ್ ಬೇಕು. ಆದರೆ ಬೇಕಾಗಿರುವುದು ಹೊರಗಿನಿಂದ ಬರುವ ನನಗೆ, ನಿಮಗೆ. ದ್ವೀಪದವರಿಗೆ ಬೇಡ. “ನಮ್ಮ ದೇಶದೊಳಗೇ ನಮಗೆ ಪರ್ಮಿಟ್ ಯಾಕೆ” ಅಂತ ಸಿಡುಕುವವರಿಗೆ ನನ್ನ ಉತ್ತರ ಇದು: ಪರ್ಮಿಟ್ ನೆಂಟರಿಗಿರಬೇಕು, ಮನೆಯವರಿಗಲ್ಲ. ಅದು ತಿರುವುಮುರುವಾದರೆ ಏನಾಗುತ್ತದೆ ಅಂತ ನಾನು ಬೊಡಾಮ್ ದ್ವೀಪದಲ್ಲಿ ನೋಡಿದ್ದೇನೆ. ಮಾಡಿಲ್ಲದ ಚರ್ಚು, ಅದರ ಪಕ್ಕದಲ್ಲಿ ಕ್ಲಬ್ಬಿನ ಬೋರ್ಡು.

ಹಾಗಾಗಿ ಬ್ಲಾಗಿಗ ಮಿತ್ರರಲ್ಲಿ ಒಂದು ಕೋರಿಕೆ. ದ್ವೀಪದ ಬಗ್ಗೆ, ಕಡಲ ಬಗ್ಗೆ, ಹಾಯಿದೋಣಿಯ ಬಗ್ಗೆ ಧಾರಾಳವಾಗಿ ಬರೆಯಿರಿ. ಫೋಟೋ ಹಾಕಿ, ನಾನೂ ನೋಡಿ ಹೊಟ್ಟೆ ಉರಿಸಿಕೊಳ್ಳುತ್ತೇನೆ :) ಆದರೆ ‘ಯಾರೂ ಇಲ್ಲದ’ ಅಂತ ಬರೆಯುವ ಮುಂಚೆ ಒಂದು ಪ್ರಶ್ನೆ ಕೇಳಿಕೊಳ್ಳಿ. ಯಾರೂ ಇರಲಿಲ್ಲವೋ, ಇರಲು ಬಿಡಲಿಲ್ಲವೋ? ಬಾವಿ ಕಂಡರೆ ತೋಡಿದವರು ಯಾರು ಅಂತ ಕೇಳಿ. ಜೀಗುಜ್ಜೆ ಮರ ಕಂಡರೆ ನೆಟ್ಟವರು ಯಾರು ಅಂತ ಕೇಳಿ. ಗೊತ್ತಾದರೆ ಒಂದು ಸಾಲು ಸೇರಿಸಿ. ‘ಒಕ್ಕಲೆಬ್ಬಿಸು’ ಅನ್ನುವ ಪದವನ್ನು ನಾವು ಎಲ್ಲಿಂದಲೂ ಸಾಲ ತರಬೇಕಾಗಿಲ್ಲ. ಎತ್ತಂಗಡಿ, ಮುಳುಗಡೆ, ಒಕ್ಕಲೆಬ್ಬಿಸುವುದು, ಮೂರೂ ನಮ್ಮ ಅಜ್ಜ ಅಜ್ಜಿಯರ ಬಾಯಲ್ಲಿದ್ದವು. ಇಷ್ಟು ಪದ ಕೈಯಲ್ಲಿಟ್ಟುಕೊಂಡು ‘ನಿರ್ಜನ ಸ್ವರ್ಗ’ ಅಂತ ಬರೆಯುವುದು ಬೇಡ.

ಇನ್ನು ಚಾಗೋಸ್ ವಾಪಸಾತಿ ಆಗುವ ಮಾತಲ್ಲ, ಇದೆಲ್ಲ ಬರೀ ಭಾವುಕತೆ ಅನ್ನುವವರು ಕಾಮೆಂಟ್ ಹಾಕಿ. ಜಗಳಕ್ಕೆ ನಾನು ತಯಾರು. ಬರುವಾಗ ಬಾವಿ ತೋಡಿದವರ ಹೆಸರು ಹಿಡಿದುಕೊಂಡು ಬನ್ನಿ.